ಹುಡುಕಿದರೆ ಸಿದ್ಧ ಉತ್ತರ ಬರಬೇಕಾ, ಲಿಂಕುಗಳೇ ಸಾಕಾ?

ಗೂಗಲ್‌ನಲ್ಲಿ ಏನಾದರೂ ಹುಡುಕಿ. ಬಹಳ ಸಲ ಮೊದಲು ಕಣ್ಣಿಗೆ ಬೀಳುವುದು ಎಐ ಬರೆದ ಆರೇಳು ಸಾಲಿನ ಉತ್ತರ. ಲಿಂಕುಗಳೆಲ್ಲ ಅದರ ಕೆಳಗೆ. ಎಐ ಓವರ್‌ವ್ಯೂ ಅಂತ ಅದರ ಹೆಸರು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರುವಾಯಿತು, ಅದೇ ವರ್ಷ ಆಗಸ್ಟ್‌ನಲ್ಲಿ ಭಾರತಕ್ಕೂ ಬಂತು. 2025ರ ಜುಲೈ ಹೊತ್ತಿಗೆ ತಿಂಗಳಿಗೆ 200 ಕೋಟಿ ಜನ ಇದನ್ನು ನೋಡುತ್ತಿದ್ದಾರೆ ಅಂತ ಕಂಪನಿಯೇ ಹೇಳಿಕೊಂಡಿತು. ನೋಡುತ್ತಿದ್ದಾರೋ, ಮುಖಕ್ಕೆ ಹಿಡಿದು ತೋರಿಸುತ್ತಿದ್ದಾರೋ ಅನ್ನುವುದು ಬೇರೆ ಮಾತು.

ಇದು ಬೇಕಾ ಬೇಡವಾ ಅಂತ ಆಫೀಸಿನ ಊಟದ ಹೊತ್ತಿನಲ್ಲಿ, ಮನೆಯಲ್ಲಿ, ಗೆಳೆಯರ ನಡುವೆ ವಾದ ಮುಗಿಯುವುದೇ ಇಲ್ಲ. ಹಾಗಾಗಿ ಎರಡೂ ಕಡೆಯ ವಕಾಲತ್ತು ನಾನೇ ವಹಿಸಿಕೊಂಡಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ಓದುವಾಗ ಗೊತ್ತಾದರೆ ಆಗಲಿ, ಮುಚ್ಚಿಡುವುದಿಲ್ಲ.

ಪರ: ಕೇಳಿದ್ದು ಉತ್ತರ, ಉತ್ತರವನ್ನೇ ಕೊಡಿ

ಒಲೆ ಮೇಲೆ ಬೇಳೆ ಬೇಯುತ್ತಿದೆ. ಬಿಸಿಬೇಳೆಬಾತಿಗೆ ಒಂದು ಪಾವು ಅಕ್ಕಿಗೆ ಎಷ್ಟು ಬೇಳೆ ಅಂತ ನೋಡಬೇಕು, ಅಷ್ಟೇ. ಲಿಂಕ್ ಒತ್ತಿದರೆ ಏನಾಗುತ್ತದೆ ಗೊತ್ತಲ್ಲ? ಮೊದಲು ಕುಕೀ ಒಪ್ಪಿಗೆ ಕೇಳುತ್ತದೆ. ಆಮೇಲೆ ನೋಟಿಫಿಕೇಶನ್ ಕಳಿಸಲಾ ಅನ್ನುತ್ತದೆ. ಮೂಲೆಯಲ್ಲಿ ಒಂದು ವಿಡಿಯೋ ತಾನಾಗೇ ಓಡಲು ಶುರು ಮಾಡುತ್ತದೆ, ಅದನ್ನು ಮುಚ್ಚುವ ಗುರುತು ಎಷ್ಟು ಚಿಕ್ಕದೆಂದರೆ ಮುಚ್ಚಲು ಹೋಗಿ ಜಾಹೀರಾತನ್ನೇ ಒತ್ತಿರುತ್ತೀರಿ. ಇದನ್ನೆಲ್ಲ ದಾಟಿದರೆ ಬರೆದವರ ಅಜ್ಜಿ ಮನೆ, ಬೇಸಿಗೆ ರಜೆ, ಹಿತ್ತಲಿನ ಮಾವಿನ ಮರ. ಅಳತೆ ಸಿಗುವುದು ಪುಟದ ತಳದಲ್ಲಿ, ಅಷ್ಟೊತ್ತಿಗೆ ಬೇಳೆಯೂ ತಳ ಹಿಡಿದಿರುತ್ತದೆ.

ಈ ಅವತಾರ ಎಐ ಮಾಡಿದ್ದಲ್ಲ. ಪುಟ ಉದ್ದ ಇದ್ದರೆ ಗೂಗಲ್ ಮೇಲೆ ತರುತ್ತದೆ ಅಂತ ನಂಬಿ, ಉದ್ದ ಇದ್ದರೆ ನಾಲ್ಕು ಜಾಹೀರಾತು ಜಾಸ್ತಿ ಹಾಕಬಹುದು ಅಂತ ಲೆಕ್ಕ ಹಾಕಿ, ಮನುಷ್ಯರೇ ಹದಿನೈದು ಇಪ್ಪತ್ತು ವರ್ಷ ಕೂತು ವೆಬ್ಬನ್ನು ಹೀಗೆ ಮಾಡಿದ್ದು. ಈಗ ಅವರೇ ‘ನಮ್ಮ ಪುಟಕ್ಕೆ ಯಾರೂ ಬರ್ತಿಲ್ಲ’ ಅಂತ ಅಳುತ್ತಿದ್ದಾರೆ. ನಾಲ್ಕು ಸಾಲಿನ ಉತ್ತರ ಓದಿದ ಮೇಲೆ ನಿಮ್ಮ ಪುಟ ಬೇಡ ಅನಿಸಿದರೆ, ನಿಮ್ಮ ಪುಟದಲ್ಲಿ ಇದ್ದ ಸರಕೇ ನಾಲ್ಕು ಸಾಲಿನದು.

ಇನ್ನೊಂದು ವಿಷಯ. ಸಿದ್ಧ ಉತ್ತರ ಇವತ್ತು ನಿನ್ನೆಯದಲ್ಲ. ಹುಡುಕಿದ ವ್ಯಕ್ತಿಯ ಹುಟ್ಟಿದ ದಿನ, ಊರು, ಫೋಟೋ ಎಲ್ಲ ಪಕ್ಕದ ಚೌಕದಲ್ಲಿ ಬರಲು ಶುರುವಾಗಿದ್ದು 2012ರಲ್ಲಿ. ಯಾವುದೋ ಪುಟದ ಒಂದು ತುಣುಕನ್ನು ಎತ್ತಿ ಡಬ್ಬಿಯಲ್ಲಿ ತೋರಿಸುವುದು ಬಂದಿದ್ದು 2014ರ ಆಸುಪಾಸಿನಲ್ಲಿ. ಕ್ರಿಕೆಟ್ ಸ್ಕೋರ್, ನಾಳೆಯ ಮಳೆ, ಡಾಲರಿಗೆ ಎಷ್ಟು ರೂಪಾಯಿ, ಇವೆಲ್ಲ ಲಿಂಕ್ ಒತ್ತದೇ ಸಿಗುತ್ತಿದ್ದಾಗ ಯಾರೂ ತಕರಾರು ತೆಗೆಯಲಿಲ್ಲ. ಈಗ ಅದೇ ಸವಲತ್ತು ಸ್ವಲ್ಪ ದೊಡ್ಡ ಪ್ರಶ್ನೆಗೂ ಸಿಗುತ್ತಿದೆ.

ಕನ್ನಡದ ಮಟ್ಟಿಗಂತೂ ಇದು ದೊಡ್ಡ ಉಪಕಾರ. ನಮ್ಮ ವೆಬ್ ಎಷ್ಟು ತೆಳು ಅಂತ ನಮಗೇ ಗೊತ್ತು. ಇಂಗ್ಲಿಷ್ ವಿಕಿಪೀಡಿಯ 70 ಲಕ್ಷ ಲೇಖನ ದಾಟಿದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಕೆಲವೇ ಜನ ಕಷ್ಟಪಟ್ಟು ಕಟ್ಟಿದ್ದಾರೆ, ಇನ್ನೂ ಅದು ಸಾವಿರಗಳ ಲೆಕ್ಕದಲ್ಲೇ ಇದೆ. ಇರುವ ಎಷ್ಟೋ ಒಳ್ಳೆಯ ಮಾಹಿತಿ ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಾಗಿ ಕೂತಿದೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಇಲ್ಲದ ಆ ಅಕ್ಷರಗಳು ಸರ್ಚ್ ಎಂಜಿನ್ನಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಗುರುತುಗಳ ಸಾಲಾಗಿ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಅವು ಸಿಗುವುದೇ ಇಲ್ಲ. ಹಾಗಾಗಿ ಕನ್ನಡದಲ್ಲಿ ಪ್ರಶ್ನೆ ಕೇಳಿದವರಿಗೆ ಇಷ್ಟು ದಿನ ಸಿಗುತ್ತಿದ್ದದ್ದು ಒಂದೋ ಯೂಟ್ಯೂಬ್ ವಿಡಿಯೋ, ಇಲ್ಲವೋ ‘ಈ ಮೂರು ರಾಶಿಯವರಿಗೆ ಅದೃಷ್ಟ’ ಅನ್ನುವ ಸುದ್ದಿ. ಈಗ ಮೈಕ್ ಒತ್ತಿ ಕನ್ನಡದಲ್ಲೇ ಕೇಳಿದರೆ ಇಂಗ್ಲಿಷಿನ ಹತ್ತು ಪುಟ ಓದಿ ಕನ್ನಡದಲ್ಲೇ ಹೇಳುವ ಯಂತ್ರ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬರು ಅಡಿಕೆ ತೋಟದಲ್ಲಿ ನಿಂತು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅಳತೆ ಎಷ್ಟು ಅಂತ ಕೇಳಬಹುದು, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು ಒಂದು ಕೆಜಿ ಸುಣ್ಣ ಅಂತ ಉತ್ತರ ಪಡೆಯಬಹುದು. ಅವರಿಗೆ ‘ಮೂಲ ಓದಿ, ನಾಲ್ಕು ಕಡೆ ಹೋಲಿಸಿ ನೋಡಿ’ ಅಂತ ಪಾಠ ಹೇಳುವುದು ಇಂಗ್ಲಿಷ್ ಬಲ್ಲವರ ಸೊಕ್ಕು ಅಷ್ಟೇ.

ಕೋಡ್ ಬರೆಯುವವರನ್ನೂ ಕೇಳಿ. ಕೋಡಿನ ಪ್ರಶ್ನೆ ಹಾಕಿ ಉತ್ತರ ಪಡೆಯುವ ಸ್ಟಾಕ್ ಓವರ್‌ಫ್ಲೋ ಸೈಟು 2008ರಲ್ಲಿ ಶುರುವಾದಾಗ ದೇವರು ಬಂದ ಹಾಗಿತ್ತು, ನಿಜ. ಆದರೆ ಹೊಸಬ ಒಂದು ಪ್ರಶ್ನೆ ಹಾಕಿದರೆ ‘ಇದನ್ನು ಆಗಲೇ ಕೇಳಿದ್ದಾರೆ’ ಅಂತ ಬಾಗಿಲು ಮುಚ್ಚುವವರೇ ಜಾಸ್ತಿ. ಯಂತ್ರ ಬೈಯುವುದಿಲ್ಲ. ಅದೇ ಪೆದ್ದು ಪ್ರಶ್ನೆಯನ್ನು ಐದು ಸಲ ಕೇಳಿದರೂ ಐದು ಸಲ ಹೇಳುತ್ತದೆ.

ತಪ್ಪು ಹೇಳುತ್ತದಲ್ಲ ಅನ್ನುತ್ತೀರಿ. ಹೇಳುತ್ತದೆ. ಪಿಜ್ಜಾ ಮೇಲೆ ಚೀಸ್ ನಿಲ್ಲಲು ಗೋಂದು ಹಾಕಿ ಅಂತ ಅಂದಿತ್ತು, ಇನ್ನೂ ಅದನ್ನೇ ಹೇಳಿ ನಗುವವರಿದ್ದಾರೆ. ಆದರೆ ಲಿಂಕುಗಳೇನು ಸತ್ಯಹರಿಶ್ಚಂದ್ರನ ಮಕ್ಕಳಾ? ಬ್ಯಾಂಕಿನ ಕಸ್ಟಮರ್ ಕೇರ್ ಅಂತ ಹುಡುಕಿ, ಮೊದಲ ಪುಟದಲ್ಲೇ ಸಿಕ್ಕ ನಕಲಿ ನಂಬರಿಗೆ ಫೋನ್ ಮಾಡಿ, ಒಟಿಪಿ ಕೊಟ್ಟು ಹಣ ಕಳೆದುಕೊಂಡ ಕಥೆ ಎಐ ಬರುವ ಮೊದಲಿನಿಂದಲೂ ಪೇಪರಿನಲ್ಲಿ ಬರುತ್ತಲೇ ಇತ್ತು. ಮತ್ತೆ, ಉತ್ತರದ ಪಕ್ಕದಲ್ಲೇ ಮೂಲದ ಲಿಂಕ್ ಕೊಟ್ಟಿರುತ್ತಾರೆ. ಅನುಮಾನ ಬಂದವರು ಒತ್ತಿ ನೋಡಲಿ. ಯಾರು ಬೇಡ ಅಂದರು?

ವಿರೋಧ: ಉತ್ತರ ಎಲ್ಲಿಂದ ಬಂತು ಅಂತ ಕೇಳುವುದು ಬೇಡವಾ?

2021ರ ಜೂನ್ ನೆನಪಿದೆಯಾ? ಭಾರತದ ಅತಿ ಕುರೂಪಿ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ದಪ್ಪ ಅಕ್ಷರದಲ್ಲಿ ‘ಕನ್ನಡ’ ಅಂತ ತೋರಿಸುತ್ತಿತ್ತು. ರಾಜ್ಯದಲ್ಲಿ ದೊಡ್ಡ ಗಲಾಟೆ ಆಯಿತು. ಆಗ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಲೀಗಲ್ ನೋಟಿಸ್ ಕೊಡುತ್ತೇವೆ ಅಂದರು. ಗೂಗಲ್ ಅದನ್ನು ತೆಗೆದುಹಾಕಿ ಕ್ಷಮೆ ಕೇಳಿತು, ಇದು ನಮ್ಮ ಅಭಿಪ್ರಾಯ ಅಲ್ಲ ಅಂತಲೂ ಹೇಳಿತು.

ಅಭಿಮಾನಕ್ಕೆ ಪೆಟ್ಟು ಬಿದ್ದದ್ದು ಇರಲಿ. ನನಗೆ ಮುಖ್ಯ ಅನಿಸಿದ್ದು ಬೇರೆ. ಆ ಸಾಲು ಬಂದದ್ದು ಯಾರೂ ಕೇಳರಿಯದ, ಸಾಲ ತೀರಿಸುವ ವಿಷಯದ ಹೆಸರಿಟ್ಟುಕೊಂಡ ಯಾವುದೋ ವೆಬ್‌ಸೈಟಿನಿಂದ. ಆ ಸೈಟಿನ ಮೇಲೆ ಯಾರಿಗೂ ಅಷ್ಟು ಸಿಟ್ಟು ಬರಲಿಲ್ಲ, ಸಿಟ್ಟೆಲ್ಲ ಗೂಗಲ್ ಮೇಲೆ. ಸರಿಯಾಗೇ ಬಂತು. ಅದೇ ಸಾಲು ಮೂರನೇ ಪುಟದ ಏಳನೇ ಲಿಂಕಿನಲ್ಲಿ ಇದ್ದಿದ್ದರೆ ಯಾವನೋ ತಲೆಕೆಟ್ಟವನು ಬರೆದಿದ್ದಾನೆ ಅಂತ ಮುಂದೆ ಹೋಗುತ್ತಿದ್ದೆವು. ಡಬ್ಬಿಯೊಳಗೆ ಬಂದ ಕೂಡಲೇ ಅದು ಗೂಗಲ್ ಹೇಳಿದ ಮಾತಾಯಿತು.

ಆಗ ಒಂದು ಅನುಕೂಲವಾದರೂ ಇತ್ತು. ಡಬ್ಬಿಯಲ್ಲಿದ್ದ ಸಾಲು ಒಂದು ಪುಟದಿಂದ ಎತ್ತಿದ್ದು, ಆ ಪುಟ ಯಾವುದು ಅಂತ ಹುಡುಕಬಹುದಿತ್ತು, ಅದಕ್ಕೇ ಅಷ್ಟು ಬೇಗ ಬಣ್ಣ ಬಯಲಾಯಿತು. ಈಗಿನ ಯಂತ್ರ ಹತ್ತು ಪುಟಗಳನ್ನು ಕಲಸಿ ತನ್ನದೇ ಸಾಲು ಬರೆಯುತ್ತದೆ. ಅದು ಬರೆದ ಸಾಲು ಜಗತ್ತಿನ ಯಾವ ಪುಟದಲ್ಲೂ ಹಾಗೆಯೇ ಇಲ್ಲದಿರಬಹುದು. ತಪ್ಪಾದರೆ ಯಾರನ್ನು ಹಿಡಿದು ಕೇಳುವುದು?

ಪಿಜ್ಜಾ ಗೋಂದಿನ ಕಥೆಯನ್ನು ಪರ ವಾದಿಸಿದವರು ನಗೆಯಲ್ಲಿ ತೇಲಿಸಿಬಿಟ್ಟರು. ಅದು ರೆಡ್ಡಿಟ್ ಅನ್ನುವ ಹರಟೆ ಸೈಟಿನಲ್ಲಿ ಯಾರೋ ಹತ್ತು ವರ್ಷಕ್ಕೂ ಹಿಂದೆ ಸುಮ್ನೆ ತಮಾಷೆಗೆ ಹಾಕಿದ್ದ ಕಾಮೆಂಟು. ದಿನಕ್ಕೊಂದು ಕಲ್ಲು ತಿನ್ನಿ ಅನ್ನುವ ಸಲಹೆಯೂ ಅದೇ ವಾರ ಬಂದಿತ್ತು, ಅದರ ಮೂಲ ‘ದಿ ಆನಿಯನ್’ ಅನ್ನುವ ವಿಡಂಬನೆಯ ಪತ್ರಿಕೆ. ಆ ಪುಟಕ್ಕೆ ನೀವೇ ಹೋಗಿದ್ದರೆ ಎರಡು ಸೆಕೆಂಡಿನಲ್ಲಿ ಇದು ಜೋಕು ಅಂತ ಗೊತ್ತಾಗುತ್ತಿತ್ತು: ಪತ್ರಿಕೆಯ ಹೆಸರು, ಪಕ್ಕದ ಸುದ್ದಿಗಳು, ಕೆಳಗೆ ನಗುತ್ತಿರುವ ಜನ, ಎಲ್ಲ ಸೇರಿ ಹೇಳುತ್ತಿದ್ದವು. ಸಿದ್ಧ ಉತ್ತರ ಆ ಸುತ್ತಮುತ್ತಲನ್ನೆಲ್ಲ ಕತ್ತರಿಸಿ, ಡಾಕ್ಟರ್ ಬರೆದದ್ದಾಗಲಿ ಪೋಕರಿ ಬರೆದದ್ದಾಗಲಿ, ಒಂದೇ ಗಂಭೀರ ದನಿಯಲ್ಲಿ ಓದಿ ಹೇಳುತ್ತದೆ. ಗೋಂದು ಅಂದಾಗ ನಗು ಬಂತು, ಗೊತ್ತಾಯಿತು. ನಗು ಬರದ ತಪ್ಪುಗಳು ಎಷ್ಟಿರಬಹುದು?

ಅನುಮಾನ ಬಂದವರು ಲಿಂಕ್ ಒತ್ತಲಿ ಅನ್ನುವುದು ಕೇಳಲು ಚೆನ್ನಾಗಿದೆ. ಒತ್ತುತ್ತಾರಾ? ಪ್ಯೂ ಸಂಶೋಧನಾ ಕೇಂದ್ರ 2025ರ ಮಾರ್ಚ್‌ನಲ್ಲಿ ಅಮೆರಿಕದ 900 ಜನ ಬ್ರೌಸ್ ಮಾಡಿದ್ದನ್ನು, ಅವರ ಒಪ್ಪಿಗೆ ಪಡೆದು, ನೋಡಿತು. ಎಐ ಉತ್ತರ ಇಲ್ಲದ ಹುಡುಕಾಟಗಳಲ್ಲಿ ಶೇ 15ರಷ್ಟು ಸಲ ಯಾವುದಾದರೂ ಲಿಂಕ್ ಒತ್ತಿದ್ದರು. ಎಐ ಉತ್ತರ ಇದ್ದಾಗ ಅದು ಶೇ 8ಕ್ಕೆ ಇಳಿಯಿತು. ಉತ್ತರದ ಒಳಗೇ ಕೊಟ್ಟಿದ್ದ ಮೂಲದ ಲಿಂಕ್ ಒತ್ತಿದ್ದು ಬರೀ ಶೇ 1ರಷ್ಟು ಸಲ. ಅನುಮಾನ ಬರದ ಹಾಗೆ ಬರೆಯುವುದೇ ಯಂತ್ರದ ಗುಣ, ಅಲ್ವಾ?

ಕ್ರಿಕೆಟ್ ಸ್ಕೋರಿನ ಹೋಲಿಕೆಯೂ ಒಪ್ಪುವಂಥದ್ದಲ್ಲ. ಸ್ಕೋರಿಗೆ ಇರುವುದು ಒಂದೇ ಸರಿಯುತ್ತರ. ಬಾಣಂತಿ ಏನು ತಿನ್ನಬೇಕು, ಪೌತಿ ಖಾತೆಗೆ ಏನೇನು ಕಾಗದ ಬೇಕು ಅನ್ನುವುದಕ್ಕೆ ಹಾಗಿಲ್ಲ. ತಂದೆ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಬರುವ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಯಂತ್ರದ ಉತ್ತರದಲ್ಲಿ ಮಹಾರಾಷ್ಟ್ರದ ಒಂದು ಸಾಲು ನುಸುಳಿದರೆ, ನಾಡಕಚೇರಿಯ ಕಿಟಕಿಯಲ್ಲಿ ನಿಂತಾಗಲೇ ಗೊತ್ತಾಗುವುದು.

ಈಗ ಕನ್ನಡದ ಮಾತಿಗೆ ಬರೋಣ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ನಮ್ಮ ವೆಬ್ ತೆಳು, ಅದಕ್ಕೇ ಯಂತ್ರ ಬೇಕು ಅಂದರು. ತೆಳುವಾಗಿದ್ದರೂ ಅದರಲ್ಲಿ ಇರುವುದು ಬೇರೆಲ್ಲೂ ಇಲ್ಲದ ಸರಕು. ಬೋರ್ಡೋ ಅಳತೆ ಒಂದು ಕೆಜಿ ಒಂದು ಕೆಜಿ ಅಂತ ಯಂತ್ರ ಸರಿಯಾಗೇ ಹೇಳಿತು, ಒಪ್ಪಿದೆ. ಆದರೆ ಮಲೆನಾಡಿನ ಬೆಳೆಗಾರರು ಬರೆದದ್ದನ್ನು ಓದಿ ನೋಡಿ. ಮೈಲುತುತ್ತು ಕರಗಿಸಲು ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಇರಲಿ ಅಂತ ಇರುತ್ತದೆ. ಕಬ್ಬಿಣದ ಚಾಕು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು ಅಂತ ಇರುತ್ತದೆ. ಬೆರೆಸಿದ ದಿನವೇ ಹೊಡೆದು ಮುಗಿಸಿ, ನಾಳೆಗೆ ಇಡಬೇಡಿ ಅಂತಲೂ ಇರುತ್ತದೆ. ಅದರ ಕೆಳಗೆ ಇನ್ನೊಬ್ಬರು ಬಂದು, ನಮ್ಮಲ್ಲಿ ಈ ಸಲ ಮಳೆ ಬೇಗ ಹಿಡಿಯಿತು, ಮೊದಲ ಔಷಧಿ ಹೊಡೆಯಲು ಆಗಲೇ ಇಲ್ಲ, ಏನು ಮಾಡಲಿ ಅಂತ ಕೇಳಿರುತ್ತಾರೆ, ಅದಕ್ಕೆ ಮೂರು ಜನ ಮೂರು ಥರ ಉತ್ತರ ಕೊಟ್ಟಿರುತ್ತಾರೆ. ಯಂತ್ರ ಇದರಿಂದ ಎರಡು ಸಾಲು ಎತ್ತಿಕೊಂಡು, ಓದುವವರನ್ನು ಅಲ್ಲಿಗೆ ಕಳಿಸದೇ ಹೋದರೆ, ಅವರು ಯಾಕೆ ಬರೆಯಬೇಕು? ದುಡ್ಡಂತೂ ಬರುವುದಿಲ್ಲ. ಓದುವವರಿದ್ದಾರೆ, ಪ್ರಶ್ನೆ ಕೇಳುತ್ತಾರೆ ಅನ್ನುವ ಖುಷಿಗೆ ತಾನೇ ಬರೆಯುವುದು. ಅದೂ ನಿಂತರೆ ತೆಳುವಾಗಿದ್ದದ್ದು ಖಾಲಿಯಾಗುತ್ತದೆ. ಕೊಳೆ ರೋಗದ ಬಗ್ಗೆ ಮುಂದಿನ ಉತ್ತರವನ್ನು ಯಂತ್ರ ಯಾವ ಇಂಗ್ಲಿಷ್ ಪುಟದಿಂದ ತರುತ್ತದೆ?

ಅಜ್ಜಿ ಕಥೆ, ಜಾಹೀರಾತು ತುಂಬಿದ ಪುಟಗಳು ಸಾಯಲಿ, ನನಗೂ ಬೇಜಾರಿಲ್ಲ. ಆದರೆ ಅವು ಸಾಯುವುದಿಲ್ಲ. ಹಣ ಇರುವವರು ಎಐಗೆ ಬೇಕಾದ ಹಾಗೆ ಬರೆಯುವುದನ್ನು ಆಗಲೇ ಕಲಿಯುತ್ತಿದ್ದಾರೆ. ಸಾಯುವುದು ಚಿಕ್ಕವರು.

ನಮ್ಮ ಬರಹ ಬಳಸಬೇಡಿ ಅನ್ನಲು ಅವರಿಗೆ ದಾರಿ ಇದೆಯಾ? ಹೆಸರಿಗೆ ಇದೆ. ಗೂಗಲ್-ಎಕ್ಸ್‌ಟೆಂಡೆಡ್ ಅಂತ ಒಂದು ಗುರುತು ಹಾಕಿದರೆ ಗೂಗಲ್‌ನ ಎಐ ಆದ ಜೆಮಿನಿಗೆ ಪಾಠ ಕಲಿಸಲು ನಿಮ್ಮ ಪುಟ ಬಳಸುವುದಿಲ್ಲ. ಹುಡುಕಾಟದ ಪುಟದ ಮೇಲೆ ಬರುವ ಎಐ ಉತ್ತರ ಅದರ ಲೆಕ್ಕಕ್ಕೆ ಬರುವುದಿಲ್ಲ, ಅದು ಸರ್ಚ್‌ನ ಭಾಗ ಅನ್ನುತ್ತಾರೆ. ಅಲ್ಲಿಂದಲೂ ಹೊರಗೆ ಇರಬೇಕಾದರೆ ನೋಸ್ನಿಪೆಟ್ ಅನ್ನುವ ಗುರುತು ಹಾಕಬೇಕು. ಹಾಕಿದರೆ ಮಾಮೂಲಿ ಲಿಂಕಿನ ಕೆಳಗೆ ಬರುವ ಎರಡು ಸಾಲಿನ ವಿವರವೂ ಮಾಯ. ವಿವರ ಇಲ್ಲದ ಲಿಂಕನ್ನು ಯಾರು ಒತ್ತುತ್ತಾರೆ? ಹೋಮ್‌ವರ್ಕಿಗೆ ನೆರವಾಗುವ ಚೆಗ್ ಕಂಪನಿ 2025ರ ಫೆಬ್ರವರಿಯಲ್ಲಿ, ರೋಲಿಂಗ್ ಸ್ಟೋನ್ ಪತ್ರಿಕೆ ನಡೆಸುವ ಪೆನ್ಸ್ಕಿ ಮೀಡಿಯಾ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸು ಹಾಕಿದವು. ಅವರಿಗೆ ವಕೀಲರಿದ್ದಾರೆ. ತೀರ್ಥಹಳ್ಳಿಯಲ್ಲಿ ಕೂತು ಅಡಿಕೆ ಬಗ್ಗೆ ಬರೆಯುವವರು ಎಲ್ಲಿಗೆ ಹೋಗಬೇಕು?

ಇದರ ಮೇಲೆ ಜಾಹೀರಾತು. 1998ರಲ್ಲಿ ಗೂಗಲ್ ಕಟ್ಟಿದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಇನ್ನೂ ವಿದ್ಯಾರ್ಥಿಗಳಾಗಿದ್ದಾಗ ಬರೆದ ಪ್ರಬಂಧದಲ್ಲೇ, ಜಾಹೀರಾತಿನಿಂದ ಬದುಕುವ ಸರ್ಚ್ ಎಂಜಿನ್ ಹುಡುಕುವವರಿಗಿಂತ ಜಾಹೀರಾತು ಕೊಡುವವರ ಕಡೆಗೇ ವಾಲುತ್ತದೆ ಅಂತ ಎಚ್ಚರಿಸಿದ್ದರು. ಎಐ ಉತ್ತರದ ಜೊತೆ ಜಾಹೀರಾತು ತೋರಿಸುವುದು ಅಮೆರಿಕದ ಮೊಬೈಲುಗಳಲ್ಲಿ 2024ರ ಅಕ್ಟೋಬರ್‌ನಲ್ಲೇ ಶುರುವಾಯಿತು. ಹತ್ತು ಲಿಂಕಿನ ನಡುವೆ ಒಂದು ಜಾಹೀರಾತು ಇದ್ದರೆ ಗುರುತು ಹಿಡಿದು ದಾಟಿ ಹೋಗಬಹುದಿತ್ತು. ಬುದ್ಧಿ ಹೇಳುವ ದನಿಯ ಮಗ್ಗುಲಲ್ಲೇ ಕೂತ ಜಾಹೀರಾತನ್ನು ದಾಟುವುದು ಅಷ್ಟು ಸುಲಭ ಅಲ್ಲ.

ಹಾಗಂತ ಇದನ್ನು ಕಿತ್ತುಹಾಕಿ ಅನ್ನುತ್ತಿಲ್ಲ. ಬೇಕಾದವರು ಇಟ್ಟುಕೊಳ್ಳಲಿ, ಬೇಡದವರಿಗೆ ಆರಿಸುವ ಒಂದು ಸ್ವಿಚ್ಚು ಕೊಡಲಿ. ಬರೀ ಲಿಂಕು ತೋರಿಸುವ ‘ವೆಬ್’ ಅನ್ನುವ ಆಯ್ಕೆ 2024ರಿಂದ ಇದೆ. ಬಹಳ ಸಲ ಅದು ‘ಇನ್ನಷ್ಟು’ ಅನ್ನುವುದರ ಒಳಗೆ ಅಡಗಿ ಕೂತಿರುತ್ತದೆ, ಪ್ರತಿ ಸಲ ಹುಡುಕಿ ಒತ್ತಬೇಕು. ಅಷ್ಟು ಪುರಸೊತ್ತು ಇಲ್ಲದವರು ಹುಡುಕಾಟದ ವಿಳಾಸದ ಕೊನೆಗೆ &udm=14 ಅಂತ ಸೇರಿಸಿ ನೋಡಿ, ಲಿಂಕುಗಳಷ್ಟೇ ಬರುತ್ತವೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಹೊಸ ಸರ್ಚ್ ಎಂಜಿನ್ ಅಂತ ಈ ವಿಳಾಸವನ್ನೇ ಸೇರಿಸಿಟ್ಟರೆ ಮತ್ತೆ ಮತ್ತೆ ಟೈಪ್ ಮಾಡುವ ಗೋಜೂ ಇಲ್ಲ.