ಬಾಗಿಲ ಚೌಕಟ್ಟಿನ ಮೇಲೆ ಐದು ನಂಬರು

ಭಾನುವಾರ ಬೆಳಿಗ್ಗೆ, ಹಾಸನದ ಅಂಚಿನಲ್ಲಿರುವ, ನಾನು ಹಿಂದೆ ಸೇವಾ ಸಂಸ್ಥೆಯ ಕೆಲಸಕ್ಕೆಂದು ಹನ್ನೊಂದು ವರ್ಷ ಬ್ಯಾಗು ನೇತುಹಾಕಿಕೊಂಡು ಓಡಾಡಿದ ಆ ಕಾಲೊನಿಗೆ ಮದುವೆಯ ಮುಯ್ಯಿ ಕೊಡಲು ಹೋಗಿದ್ದೆ. ಅಲ್ಲಿ ಕಂಡದ್ದನ್ನು ಇಂದಿನವರೆಗೂ ಮನಸ್ಸಿನಿಂದ ಇಳಿಸಲಾಗಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ ಹಿಡಿದ ನಾಲ್ವರು ಹುಡುಗ ಹುಡುಗಿಯರು ಮನೆಮನೆಯ ಸರ್ವೆ ಮಾಡುತ್ತಿದ್ದರು. ವಾರವೆಲ್ಲ ಮಂಡಿಯಲ್ಲಿ ಆಲೂಗಡ್ಡೆ ಆರಿಸುವ ಕೂಲಿಗೆ ಹೋಗುವ ಒಬ್ಬ ಅಜ್ಜಿ, ಇರುವ ಒಂದು ರಜೆಯ ದಿನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಹುಡುಗಿ ಟ್ಯಾಬಿನಲ್ಲಿ ಮೊದಲ ಪುಟ ತೆರೆಯುವ ಮುನ್ನವೇ ಅಜ್ಜಿ ಕಾಯಿಯಿಂದ ಕಣ್ಣೆತ್ತದೆ ಶುರುಮಾಡಿದರು: "ಬರ್ಕೊ ಮಗ. ಮನೇಲಿ ಐದ್ ಜನ, ದುಡಿಯೋರು ಇಬ್ರು, ಕಾರ್ಡು ಬಿಪಿಎಲ್ಲು, ಕಕ್ಕಸ್ಸು ಐತೆ ನೀರಿಲ್ಲ, ಬ್ಯಾಂಕಲ್ಲಿ ಖಾತೆ ಐತೆ ದುಡ್ಡಿಲ್ಲ, ಸಾಲ ಸಂಘದ್ದು." ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ಅಜ್ಜಿ ಉತ್ತರಗಳನ್ನು ಒಪ್ಪಿಸಿದ್ದು ನಾನೇ ಹಿಂದೊಮ್ಮೆ ಹಿಡಿದುಕೊಂಡು ಹೋಗಿದ್ದ ಫಾರಮ್ಮಿನ ಕ್ರಮದಲ್ಲಿ.

ಆ ಮನೆಯ ಬಾಗಿಲ ಚೌಕಟ್ಟನ್ನು ನೋಡಿದೆ. ನೀಲಿ ಬಣ್ಣದಲ್ಲಿ ಒಂದು ನಂಬರು, ಅದರ ಕೆಳಗೆ ಕೆಂಪಿನಲ್ಲಿ ಇನ್ನೊಂದು, ಪಕ್ಕದಲ್ಲಿ ಸೀಮೆಸುಣ್ಣದ್ದು ಅರ್ಧ ಅಳಿಸಿದೆ, ಅರಿಶಿನ ಕುಂಕುಮದ ಬೊಟ್ಟಿನ ಮೇಲೆಯೇ ಅಂಟಿಸಿದ ಒಂದು ಸ್ಟಿಕ್ಕರ್, ಈಗ ಐದನೆಯದಾಗಿ ಬಾರ್‌ಕೋಡ್ ಇರುವ ಹೊಸ ಸ್ಟಿಕ್ಕರ್. ಎಣಿಸಿದವರು ಐದು ಮಂದಿ. ಎಣಿಕೆಯ ಫಲ ಏನಾಯಿತೆಂದು ಹಿಂದಿರುಗಿ ಬಂದು ಹೇಳಿದವರು ಯಾರೂ ಇಲ್ಲ.

ನನ್ನ ತಕರಾರು ಇಷ್ಟೇ. ಬಡವರ ಮನೆಯೊಳಗೆ ಹೋಗಿ ಅವರ ಸಾಲ, ಕಾಯಿಲೆ, ಮುಟ್ಟಿನ ಬಟ್ಟೆಯವರೆಗೆ ಕೇಳಿ ಬರೆದುಕೊಂಡು ಹೋಗುವ ಸೇವಾ ಸಂಸ್ಥೆಗಳು, ಬರೆದುಕೊಂಡದ್ದರ ಒಂದು ಹಾಳೆಯನ್ನಾದರೂ ಆ ಜನಕ್ಕೆ ಏಕೆ ವಾಪಸು ಕೊಡುವುದಿಲ್ಲ?

ಹಾಳೆಯಿಂದ ಏನು ಪ್ರಯೋಜನ ಎನ್ನುವವರಿಗೆ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 1973ರಿಂದಲೂ ಕೊಳಗೇರಿ ಕಾಯ್ದೆ ಇದೆ; ಅದರ 3ನೇ ಪ್ರಕರಣದಡಿ ಒಂದು ಪ್ರದೇಶ ಕೊಳಗೇರಿಯೆಂದು ಘೋಷಣೆಯಾದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ಯೋಜನೆಗಳಿಗೆ ದಾರಿ ತೆರೆಯುತ್ತದೆ. 2011ರ ಜನಗಣತಿಯಲ್ಲಂತೂ, ಘೋಷಣೆಯಾಗಲೀ ಮಾನ್ಯತೆಯಾಗಲೀ ಇಲ್ಲದ ಜಾಗವನ್ನು ಕೊಳಗೇರಿಯೆಂದು ಗುರುತಿಸಬೇಕಾದರೆ ಕನಿಷ್ಠ 300 ಜನ ಅಥವಾ 60ರಿಂದ 70 ಮನೆಗಳಿರಬೇಕು ಎಂದಿತ್ತು. ಅಂದರೆ ಎಷ್ಟು ಮನೆ ಎಂಬುದು ಬರೀ ಲೆಕ್ಕವಲ್ಲ. ಈ ಕಾಲೊನಿಯವರು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವಾಗ ಮೊದಲು ಕೇಳುವುದೇ ಮನೆಗಳ ಪಟ್ಟಿಯನ್ನು. ಐದು ಸಲ ತಯಾರಾದ ಪಟ್ಟಿ ಅವರ ಕೈಯಲ್ಲಿ ಒಂದು ಸಲವೂ ಇಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು, ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದು. ನಾನು ಆ ಕಾಲೊನಿಯನ್ನು ಎಣಿಸಿದ್ದು ಕಾಫಿ ಕೊಯ್ಲಿನ ಕಾಲದಲ್ಲಿ. ಹದಿಮೂರು ಮನೆಗಳಿಗೆ ಬೀಗ ಬಿದ್ದಿತ್ತು; ಆ ಕುಟುಂಬಗಳು ಸಕಲೇಶಪುರದ ಕಡೆಯ ತೋಟಗಳ ಲೈನ್ ಮನೆಗಳಲ್ಲಿದ್ದವು. ಪಕ್ಕದ ಮನೆಯವರು "ಸುಗ್ಗಿ ತಿಂಗಳು ಬತ್ತಾರೆ ಕಣಕ್ಕ" ಎಂದು ಹೇಳಿಯೂ ಇದ್ದರು. ಆದರೆ ವರದಿ ಶುಕ್ರವಾರಕ್ಕೆ ಹೋಗಬೇಕಿತ್ತು. 71 ಮನೆಗಳ ಕಾಲೊನಿ ನನ್ನ ಕೈಯಲ್ಲಿ 58 ಆಯಿತು. ನಾನು ಆ ಹಾಳೆಯನ್ನು ಕಾಲೊನಿಯ ಅರಳಿಕಟ್ಟೆಯ ಮೇಲೆ ಒಂದು ಸಂಜೆ ಗಟ್ಟಿಯಾಗಿ ಓದಿದ್ದರೆ ಐದು ನಿಮಿಷದಲ್ಲಿ ಹತ್ತು ಜನ ತಿದ್ದುತ್ತಿದ್ದರು. ಓದಲಿಲ್ಲ. ಓದಬೇಕೆಂದು ನನಗೂ ಹೊಳೆಯಲಿಲ್ಲ, ಸಂಬಳ ಕೊಡುವವರಿಗೂ ಹೊಳೆಯಲಿಲ್ಲ.

ಅಂಕಿಅಂಶವಿಲ್ಲದೆ ಯಾರು ಹಣ ಕೊಡುತ್ತಾರೆ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಈಗಾಗಲೇ ಕಾಮೆಂಟ್ ಟೈಪು ಮಾಡುತ್ತಿರುತ್ತಾರೆ. ಗೊತ್ತು, ಮಾರಾಯರೆ. 2013ರ ಕಂಪನಿ ಕಾಯ್ದೆಯ 135ನೇ ಪ್ರಕರಣ ಬಂದು ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕಾಯಿತು. 2021ರಲ್ಲಿ ನಿಯಮ ತಿದ್ದುಪಡಿಯಾಗಿ, ಹೆಚ್ಚು ಹಣ ಹಾಕುವ ಕಂಪನಿಗಳು ತಮ್ಮ ದೊಡ್ಡ ಯೋಜನೆಗಳ ಪರಿಣಾಮವನ್ನು ಹೊರಗಿನ ಸಂಸ್ಥೆಯಿಂದ ಅಳೆಸಬೇಕಾಯಿತು. ಅಳತೆ ಬೇಕು, ಒಪ್ಪುತ್ತೇನೆ. ಆದರೆ ದರ್ಜಿಯೂ ಅಳತೆ ತೆಗೆದುಕೊಂಡ ಮೇಲೆ ಬಟ್ಟೆ ಹೊಲಿದು ಕೊಡುತ್ತಾನೆ. ನಮ್ಮ ಸಂಸ್ಥೆಗಳು ಮೊದಲೊಮ್ಮೆ, ಕೊನೆಗೊಮ್ಮೆ ಅಳತೆ ತೆಗೆದು, ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನು ಬೆಂಗಳೂರಿನ ಹೋಟೆಲೊಂದರ ಪರದೆಯ ಮೇಲೆ ತೋರಿಸಿ ಊಟಕ್ಕೆ ಏಳುತ್ತವೆ.

ಬೇರೆ ದಾರಿ ಇರಲಿಲ್ಲವೆಂದೂ ಅಲ್ಲ. ನಮ್ಮದೇ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ, ಮುಂಬೈಯ ಜನತಾ ಕಾಲೊನಿಯಲ್ಲಿ ಬದುಕು ಕಟ್ಟಿಕೊಂಡು, ಆಮೇಲೆ ರಾಷ್ಟ್ರೀಯ ಕೊಳಗೇರಿ ನಿವಾಸಿಗಳ ಒಕ್ಕೂಟವನ್ನು ಬೆಳೆಸಿದ ಜೋಕಿನ್ ಅರ್ಪುತಮ್ ಅವರು ಹೇಳುತ್ತ ಬಂದದ್ದೇ, ಕೊಳಗೇರಿಯವರನ್ನು ಕೊಳಗೇರಿಯವರೇ ಎಣಿಸಬೇಕೆಂದು. 1985ರಲ್ಲಿ, ನೋಟಿಸು ಕೊಟ್ಟು ತೆರವು ಮಾಡಬಹುದೆಂಬ ಸುಪ್ರೀಂ ಕೋರ್ಟಿನ ಓಲ್ಗಾ ಟೆಲ್ಲಿಸ್ ತೀರ್ಪು ಬಂದು, ಮುಂಬೈಯ ಪಾದಚಾರಿ ಮಾರ್ಗದ ಗುಡಿಸಲುಗಳು ಇನ್ನೇನು ನೆಲಸಮವಾಗುತ್ತವೆ ಎಂಬ ಭಯವಿದ್ದ ಆ ವರ್ಷವೇ ಸ್ಪಾರ್ಕ್ ಎಂಬ ಸೇವಾ ಸಂಸ್ಥೆಯು ಬೈಕುಲ್ಲಾ ಭಾಗದ ಪಾದಚಾರಿ ಮಾರ್ಗದ ನಿವಾಸಿಗಳ ಗಣತಿಯನ್ನು ಅವರನ್ನೇ ಜೊತೆಗಿಟ್ಟುಕೊಂಡು ಮಾಡಿತು. ಆ ಗುಡಿಸಲುಗಳ ಹೆಂಗಸರೇ ಮುಂದೆ ಮಹಿಳಾ ಮಿಲನ್ ಎಂಬ ತಮ್ಮದೇ ಸಂಘಟನೆ ಕಟ್ಟಿದರು. ಅರ್ಪುತಮ್ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ತರಬೇತಿಗಳಲ್ಲಿ ಅವರ ಫೋಟೊ ಇರುತ್ತಿತ್ತು, ಅವರ ಪದ್ಧತಿ ಇರುತ್ತಿರಲಿಲ್ಲ.

ಆ ನಾಲ್ವರು ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮನೆಗೆ ಇಷ್ಟು ರೂಪಾಯಿ ಎಂಬ ಲೆಕ್ಕದಲ್ಲಿ ದುಡಿಯುವವರು ಅವರು. ಹುಡುಗಿಯ ಚಪ್ಪಲಿಯ ಉಂಗುಷ್ಟಕ್ಕೆ ಪಿನ್ನು ಚುಚ್ಚಿತ್ತು. ಪಟ್ಟಿಯ ಒಂದು ಪ್ರತಿಯನ್ನು ಕಾಲೊನಿಯವರಿಗೆ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ತಂಡದ ಮುಖ್ಯಸ್ಥ, "ಮೇಡಂ, ಡೇಟಾ ಪ್ರೈವೆಸಿ" ಎಂದ. ಅಜ್ಜಿಯ ಸಾಲದ ಮೊತ್ತವನ್ನು ಬೀದಿಯಲ್ಲಿ ನಿಂತು, ಹತ್ತು ಜನ ಕೇಳುವಂತೆ ಎರಡು ಸಲ ಕೂಗಿ ಕೇಳಿದ ಬಾಯಿಯಿಂದಲೇ ಬಂದ ಮಾತಿದು. ಮನೆಗಳ ಸಂಖ್ಯೆ, ನೀರಿಲ್ಲದ ಕಕ್ಕಸುಗಳ ಸಂಖ್ಯೆ, ಶಾಲೆ ಬಿಟ್ಟ ಮಕ್ಕಳ ಸಂಖ್ಯೆ, ಇವುಗಳಲ್ಲಿ ಯಾರ ಗುಟ್ಟು ರಟ್ಟಾಗುತ್ತದೆಯೋ ನನಗೆ ತಿಳಿಯಲಿಲ್ಲ. ಹೆಡ್ ಆಫೀಸಿಗೆ ಕೇಳಿ ಹೇಳುತ್ತೇನೆಂದು ನನ್ನ ನಂಬರು ತೆಗೆದುಕೊಂಡು ಹೋದ. ಆರನೆಯ ನಂಬರು ಅದು, ನನ್ನದು.

ಆ ಕೆಲಸ ಬಿಟ್ಟ ನನ್ನ ಬದುಕು ಈಗ ಜೆರಾಕ್ಸ್ ಅಂಗಡಿಯಲ್ಲಿ. ಸೋಮವಾರ ಬೆಳಿಗ್ಗೆ ಮಂಡಿಗೆ ಹೋಗುವ ದಾರಿಯಲ್ಲಿ ಅಜ್ಜಿ ಅಂಗಡಿಗೆ ಬಂದರು, ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡು ಬಿಡಿಸಿ ಮೇಜಿನ ಮೇಲಿಟ್ಟರು. ಸರ್ವೆಯವರು ನಕಲು ತಂದಿಟ್ಟಿರಲು ಹೇಳಿದ್ದರಂತೆ. ದುಡ್ಡು ಬೇಡವೆಂದೆ, ಕೇಳಲಿಲ್ಲ.

"ಎಲ್ಡ್ ಮಾಡವ್ವ," ಎಂದರು. "ಇನ್ನೊಂದು ಮುಂದಿನವ್ರಿಗೆ."