ಇಂದು ನಗದು, ನಾಳೆ ನ್ಯಾಯ

ಲೂಸಿಯಸ್ ವೆರಾಟಿಯಸ್ ಎಂಬ ಮಹಾನುಭಾವ ರೋಮಿನ ಬೀದಿಯಲ್ಲಿ ತಿರುಗಾಡಲು ಹೊರಟರೆ ಹಿಂದೆ ಒಬ್ಬ ಗುಲಾಮ ಹಣದ ಚೀಲ ಹಿಡಿದು ನಡೆಯುತ್ತಿದ್ದ. ಎದುರಿಗೆ ಯಾರೋ ಒಬ್ಬ ಗೃಹಸ್ಥ ಬರುತ್ತಾನೆ. ಅವನ ಕೆನ್ನೆ ನೋಡಿದ ಕೂಡಲೇ ವೆರಾಟಿಯಸ್‌ಗೆ ಕೈ ತುರಿಸುತ್ತದೆ. ಛಟೀರ್! ಪೆಟ್ಟು ತಿಂದವನು ಇನ್ನೂ ಕೆನ್ನೆ ಸವರಿಕೊಳ್ಳುತ್ತಿರುವಾಗಲೇ ಗುಲಾಮ ಚೀಲದ ಬಾಯಿ ಬಿಚ್ಚಿ, ಒಂದೊಂದಾಗಿ ಇಪ್ಪತ್ತೈದು ನಾಣ್ಯ ಎಣಿಸಿ ಅವನ ಅಂಗೈಗೆ ಹಾಕುತ್ತಾನೆ. ಲೆಕ್ಕ ಚುಕ್ತಾ. ಯಜಮಾನರು ಮುಂದಿನ ಕೆನ್ನೆ ಹುಡುಕಿಕೊಂಡು ಹೊರಡುತ್ತಾರೆ.

ವೆರಾಟಿಯಸ್ ಕಾನೂನು ಮುರಿದನೆಂದು ಯಾರೂ ಹೇಳುವಂತಿರಲಿಲ್ಲ. ಕ್ರಿ.ಪೂ. 450ರ ಸುಮಾರಿಗೆ ಬರೆದು ಊರ ನಡುವೆ ನಿಲ್ಲಿಸಿದ ಕಾನೂನಿನ ಹನ್ನೆರಡು ಫಲಕಗಳಲ್ಲಿ ಸ್ಪಷ್ಟವಾಗಿ ಇತ್ತು: ಇಂಥ ಅಪಮಾನಕ್ಕೆ ದಂಡ 25 ಆಸ್, ಅಂದರೆ ಕಂಚಿನ ಹಣ. ಬರೆದ ಕಾಲಕ್ಕೆ ಅದು ಸಾಕಷ್ಟು ಭಾರದ ಕಂಚು. ಆಮೇಲೆ ನಾಣ್ಯ ಸವೆಯುತ್ತ ಚಿಲ್ಲರೆಯಾಯಿತು, ಫಲಕದ ಅಂಕಿ ಮಾತ್ರ ಅಲ್ಲೇ ನಿಂತಿತು. ನಮ್ಮ ವೆರಾಟಿಯಸ್ ಅದನ್ನು ಹೋಟೆಲಿನ ದರಪಟ್ಟಿ ಓದಿದಂತೆ ಓದಿಕೊಂಡ, ಅಷ್ಟೇ. ಕೊನೆಗೆ ಪ್ರೀಟರ್ ಎಂಬ ನ್ಯಾಯಾಧಿಕಾರಿಗಳು ಎಚ್ಚೆತ್ತು, ಪ್ರಕರಣ ನೋಡಿ ಪರಿಹಾರ ನಿಗದಿ ಮಾಡುವ ಪದ್ಧತಿ ತಂದರು. ಅಂದರೆ ದರ ಪರಿಷ್ಕರಣೆ ಆಯಿತು.

ದರ ಇತ್ತು, ಪೊಲೀಸರು ಇರಲಿಲ್ಲ. ಲಿಕ್ಟರ್ ಎಂಬ ಸೇವಕರೇನೋ ಇದ್ದರು, ರಾಜ್ಯದ ಅತ್ಯುನ್ನತ ಅಧಿಕಾರಿಯಾದ ಕಾನ್ಸುಲ್ ಒಬ್ಬನಿಗೆ ಹನ್ನೆರಡು ಜನ. ಅವರ ಕೆಲಸ ಹೆಗಲ ಮೇಲೆ ಬೆತ್ತದ ಕಟ್ಟು ಹೊತ್ತು ದೊಡ್ಡವರಿಗೆ ದಾರಿ ಬಿಡಿಸುವುದು. ನಿಮ್ಮ ಮನೆಗೆ ಕನ್ನ ಬಿದ್ದರೆ ಅವರಿಗೇನು? ರಾತ್ರಿ ಗಸ್ತಿಗೆಂದು ಒಂದು ದೊಡ್ಡ ಪಡೆ ಬಂದದ್ದೇ ಕ್ರಿ.ಶ. 6ರಲ್ಲಿ, ಗಣರಾಜ್ಯ ಮುಗಿದು ಅಗಸ್ಟಸ್ ಚಕ್ರವರ್ತಿಯಾದ ಮೇಲೆ. ಅಲ್ಲಿಯವರೆಗೆ ನಿಮ್ಮ ಮೇಲೆ ಅನ್ಯಾಯವಾದರೆ ಆರೋಪಿಯನ್ನು ನೀವೇ ಹಿಡಿದು ನ್ಯಾಯಾಲಯಕ್ಕೆ ತರಬೇಕು. ಅವನು ಮುದುಕನೋ ರೋಗಿಯೋ ಆಗಿದ್ದರೆ ಸವಾರಿಗೊಂದು ಪ್ರಾಣಿಯನ್ನು ನೀವೇ ಒದಗಿಸಬೇಕು. ಆದರೆ ಮೆತ್ತೆ ಹಾಸಿದ ಗಾಡಿ ಕೊಡಬೇಕಿಲ್ಲ ಎಂದು ಕಾನೂನು ದೂರುದಾರನ ಮೇಲೆ ದಯೆ ತೋರಿತ್ತು. ಸಾಕ್ಷಿ ಬರಲೊಲ್ಲನೇ? ಮೂರು ದಿನಕ್ಕೊಮ್ಮೆ ಅವನ ಬಾಗಿಲ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿ. ಸಮನ್ಸು, ಅಮೀನ, ಜಾರಿ ಎಲ್ಲವೂ ಆ ಗಂಟಲೇ.

ಶೋಧನೆಯ ಕ್ರಮವಂತೂ ಕಣ್ಣಿಗೆ ಕಟ್ಟುವಂಥದ್ದು. ಕದ್ದ ಮಾಲು ಪಕ್ಕದ ಮನೆಯಲ್ಲಿದೆ ಎಂಬ ಗುಮಾನಿ ಇದ್ದರೆ ಮಾಲು ಕಳೆದುಕೊಂಡವನು ಬಟ್ಟೆ ಬಿಚ್ಚಿ, ಸೊಂಟಕ್ಕೊಂದು ಲಂಗೋಟಿ ಬಿಗಿದು, ಕೈಯಲ್ಲೊಂದು ತಟ್ಟೆ ಹಿಡಿದು ಒಳಗೆ ಹೋಗಬೇಕು. ಬಟ್ಟೆಯಲ್ಲಿ ಅಡಗಿಸಿ ತಂದು ತಾನೇ ಇಡದಿರಲಿ ಎಂದು ಲಂಗೋಟಿ, ಸರಿ. ತಟ್ಟೆ ಯಾಕೆ? ಕೈ ಖಾಲಿ ಇರಬಾರದೆಂದು ಕೆಲವರು, ಸಿಕ್ಕಿದ್ದನ್ನು ಇಟ್ಟುಕೊಳ್ಳಲೆಂದು ಕೆಲವರು. ಮುಂದೆ ಗಾಯಸ್ ಎಂಬ ನ್ಯಾಯಪಂಡಿತ ಇದನ್ನು ಓದಿ, ಇಡೀ ಕಾನೂನೇ ನಗೆಪಾಟಲು ಎಂದುಬಿಟ್ಟ. ಬಟ್ಟೆ ತೊಟ್ಟು ಬಂದವನನ್ನು ತಡೆಯುವವನು ಬರಿಮೈಯಲ್ಲಿ ಬಂದವನನ್ನು ಬಿಡುತ್ತಾನೆಯೇ ಎಂಬುದು ಅವನ ಪ್ರಶ್ನೆ. ನನ್ನದು ಇನ್ನೂ ಸಣ್ಣ ಪ್ರಶ್ನೆ: ಕಳುವಾದದ್ದು ಎತ್ತಾಗಿದ್ದರೆ?

ಇಷ್ಟೆಲ್ಲ ದಾಟಿ ನ್ಯಾಯಾಧಿಕಾರಿಯ ಮುಂದೆ ನಿಂತವನಿಗೂ ಶಬ್ದವೊಂದು ತಪ್ಪಿದರೆ ಗತಿಯಿಲ್ಲ. ಒಬ್ಬ ಪಾಪದವನು ತನ್ನ ದ್ರಾಕ್ಷಿ ಬಳ್ಳಿ ಕಡಿದರೆಂದು ಮೊರೆಯಿಟ್ಟ. ಫಲಕದಲ್ಲಿದ್ದ ಪದ ‘ಮರ’. ಇವನ ಬಾಯಲ್ಲಿ ‘ಬಳ್ಳಿ’ ಬಂತು. ದಾವೆ ಬಿದ್ದುಹೋಯಿತು.

ಇವೆಲ್ಲ ಬಡಪಾಯಿಗಳ ಗೋಳು. ದೊಡ್ಡವರ ಮೊಕದ್ದಮೆಗಳಲ್ಲಿ ಇಂಥ ಅಡಚಣೆ ಇರಲಿಲ್ಲ, ಅಲ್ಲಿ ವ್ಯವಹಾರ ಅಚ್ಚುಕಟ್ಟು. ವೆರೆಸ್ ಎಂಬವನು ಕ್ರಿ.ಪೂ. 73ರಿಂದ 71ರವರೆಗೆ ಸಿಸಿಲಿಯ ರಾಜ್ಯಪಾಲನಾಗಿದ್ದ. ದೇವಸ್ಥಾನದ ಮೂರ್ತಿಯನ್ನೂ ಬಿಡದೆ ಬಾಚಿಕೊಂಡ ಈ ಪ್ರಾಮಾಣಿಕ ತನ್ನ ಮೂರು ವರ್ಷದ ಆಯವ್ಯಯವನ್ನು ಬಾಯಿಬಿಟ್ಟು ಹೇಳುತ್ತಿದ್ದನಂತೆ: ಮೊದಲ ವರ್ಷದ ಗಳಿಕೆ ತನಗೆ, ಎರಡನೆಯದು ವಕೀಲರಿಗೆ, ಮೂರನೆಯದು, ಅಂದರೆ ಬೆಳೆ ಎಲ್ಲಕ್ಕಿಂತ ಚೆನ್ನಾಗಿ ಬಂದ ವರ್ಷದ್ದು, ತೀರ್ಪು ಕೊಡುವವರಿಗೆ. ಯಾರನ್ನೂ ಮರೆಯಲಿಲ್ಲ.

ತೀರ್ಪು ಕೊಡುವವರು ಆಗ ಸೆನೆಟರುಗಳೇ. ಮೇಣ ಸವರಿದ ಪುಟ್ಟ ಹಲಗೆಯ ಮೇಲೆ ಗುಟ್ಟಾಗಿ ಮತ ಹಾಕಬೇಕು. ಗುಟ್ಟು ಎಂದ ಮೇಲೆ ಹಣ ಕೊಟ್ಟವನ ಗತಿಯೇನು? ತಿಂದವನು ನಿಯತ್ತಾಗಿ ನಡೆದುಕೊಂಡನೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಮೊಕದ್ದಮೆಯಲ್ಲಿ ಕೊಂಡ ಸೆನೆಟರುಗಳ ಹಲಗೆಗಳಿಗೆ ಬೇರೆ ಬಣ್ಣದ ಮೇಣ ಬಳಿದುಬಿಟ್ಟರು. ಲಂಚ ತಿಂದು ಕೈಕೊಡುವವರ ಕಾಟ ಅಲ್ಲಿಗೆ ತಪ್ಪಿತು.

ಕೊನೆಗೆ ವೆರೆಸ್ ಕಟಕಟೆಗೆ ಬಂದ. ಅವನ ವಕೀಲ ಹಾರ್ಟೆನ್ಸಿಯಸ್ ಮುಂದಿನ ವರ್ಷಕ್ಕೆ ಕಾನ್ಸುಲನಾಗಿ ಆರಿಸಿ ಬಂದಾಗ ಜನ ಅಭಿನಂದಿಸಿದ್ದು ಕಕ್ಷಿಗಾರನನ್ನು: ಇವತ್ತಿನ ಚುನಾವಣೆಯಲ್ಲೇ ನೀನು ಖುಲಾಸೆಯಾದೆ ಎಂದು. ವಾಯಿದೆ ಎಳೆದು, ಹಬ್ಬದ ಆಟೋಟಗಳ ರಜೆ ದಾಟಿಸಿ, ವರ್ಷ ಕಳೆದರೆ ಆಯಿತು. ವೆರೆಸ್‌ನ ವಿರುದ್ಧ ವಾದಿಸಿದ ವಕೀಲ ಸಿಸಿರೊ ಮಾತ್ರ ಉದ್ದನೆಯ ಭಾಷಣವನ್ನು ಮಡಚಿಟ್ಟು ನೇರವಾಗಿ ಸಾಕ್ಷಿಗಳನ್ನು ನಿಲ್ಲಿಸಿದ. ವಕೀಲನೊಬ್ಬ ಮಾತು ಕಡಿಮೆ ಮಾಡಿ ಗೆದ್ದ ಅಪರೂಪದ ಪ್ರಸಂಗ ಇದು. ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತದೆ ನಮ್ಮ ಗಾದೆ. ಸೋತ ವೆರೆಸ್ ಗಂಟುಮೂಟೆ ಕಟ್ಟಿಕೊಂಡು ಸಮುದ್ರ ತೀರದ ಮಸಿಲಿಯಾಕ್ಕೆ, ಅಂದರೆ ಇಂದಿನ ಫ್ರಾನ್ಸಿನ ಮಾರ್ಸೆಗೆ, ಹೋಗಿ ಇನ್ನೂ 27 ವರ್ಷ ಬದುಕಿದ.

ಕ್ಲೋಡಿಯಸ್ ಎಂಬ ದೊಡ್ಡಮನೆತನದ ತರುಣನಿಗೆ ಆ ಪ್ರಯಾಣವೂ ಬೇಕಾಗಲಿಲ್ಲ. ಕ್ರಿ.ಪೂ. 62ರ ಡಿಸೆಂಬರಿನಲ್ಲಿ ಸೀಸರನ ಮನೆಯಲ್ಲಿ ಹೆಂಗಸರಷ್ಟೇ ಸೇರುವ ದೇವಿಯ ಪೂಜೆಗೆ ಇವನು ಹೆಣ್ಣುವೇಷ ಹಾಕಿ ನುಗ್ಗಿದ, ದನಿಯಿಂದ ಸಿಕ್ಕಿಬಿದ್ದ. ಆ ದಿನ ಊರಲ್ಲೇ ಇರಲಿಲ್ಲ ಎಂದು ವಾದಿಸಿದ. ಅವತ್ತೇ ನಮ್ಮ ಮನೆಗೆ ಬಂದಿದ್ದನಲ್ಲ ಎಂದು ಸಿಸಿರೊ ಸಾಕ್ಷಿ ಹೇಳಿದ. ತೀರ್ಪುಗಾರರು ಜೀವಭಯವಿದೆ ಎಂದು ಸೆನೆಟಿನಿಂದ ಕಾವಲು ಕೇಳಿ ಪಡೆದರು. ಎಂಥ ಧೀರರು, ಎಂಥ ನಿಷ್ಠುರ ತೀರ್ಪು ಬರಲಿದೆಯೋ ಎಂದು ಊರು ಉಸಿರು ಬಿಗಿಹಿಡಿಯಿತು. ನಡುವೆ ಎರಡು ದಿನದಲ್ಲಿ ತೀರ್ಪುಗಾರರಿಗೆ ದುಡ್ಡು ತಲುಪಿತು. ಮತ ಎಣಿಸಿದಾಗ ಶಿಕ್ಷೆಗೆ 25, ಬಿಡುಗಡೆಗೆ 31. ಕ್ಯಾಟುಲಸ್ ಎಂಬ ಹಿರಿಯ ಸೆನೆಟರ್ ಆ ತೀರ್ಪುಗಾರರಲ್ಲೊಬ್ಬನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದ: “ಕಾವಲು ಯಾಕೆ ಕೇಳಿದಿರಿ, ಮಾರಾಯರೇ? ಸಿಕ್ಕ ದುಡ್ಡನ್ನು ಯಾರಾದರೂ ಕಸಿದುಕೊಂಡಾರು ಎಂದೇ?”

ಮುಂದೆ ಸೆನೆಟಿನಲ್ಲಿ ಕ್ಲೋಡಿಯಸ್ ಸಿಸಿರೊನನ್ನು ಕೆಣಕಿದ: ಪ್ರಮಾಣ ಮಾಡಿ ಹೇಳಿದರೂ ನಿನ್ನನ್ನು ಅವರು ನಂಬಲಿಲ್ಲವಲ್ಲ! ಸಿಸಿರೊನ ಉತ್ತರ ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿನಷ್ಟೇ ಸ್ಪಷ್ಟವಾಗಿತ್ತು. ಇಪ್ಪತ್ತೈದು ಜನ ನನ್ನನ್ನು ನಂಬಿದರು. ನಂಬದೇ ಹೋದದ್ದು ನಿನ್ನನ್ನು, ಅದಕ್ಕೇ ಮೂವತ್ತೊಂದು ಜನ ಮುಂಗಡವಾಗಿ ಎಣಿಸಿಕೊಂಡರು. ಸಭೆಯಲ್ಲಿ ಗದ್ದಲವೆದ್ದು ಕ್ಲೋಡಿಯಸ್ ಬಾಯಿ ಮುಚ್ಚಿ ಕುಳಿತ. ಕುಳಿತದ್ದು ಸೆನೆಟಿನಲ್ಲೇ.