ದೇವಲೋಕದ ಎರಡು ನಿಮಿಷ

ಬಿಲ್ಲಿಗೆ ತಾವಾಗಿಯೇ ಸೇವಾ ಶುಲ್ಕ ಸೇರಿಸುವ ಹಾಗಿಲ್ಲ ಎಂದು ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಹೋಟೆಲುಗಳಿಗೆ ಬುದ್ಧಿ ಹೇಳಿದ್ದನ್ನು ನೀವೂ ಓದಿದ್ದೀರಿ, ನಾಲ್ಕು ಜನರಿಗೆ ಮೊಬೈಲಿನಲ್ಲಿ ಕಳಿಸಿಯೂ ಇದ್ದೀರಿ. ನಾನೂ ಕಳಿಸಿದ್ದೆ. ಆಗ ಹೊಳೆಯದ ಒಂದು ಸಂಗತಿ ಕಳೆದ ಭಾನುವಾರ ರಾತ್ರಿ ಹೊಳೆಯಿತು. ಶುಲ್ಕದ ಬಗ್ಗೆ ಮೂರು ವರ್ಷದ ಹತ್ತಿರ ವಾದ ನಡೆಯಿತು. ಸೇವೆ ಎಂಬ ವಸ್ತು ಇದೆಯೇ ಎಂದು ಯಾರೂ ಕೇಳಲಿಲ್ಲ. ಇಂಥ ವಿಚಾರ ಹೊಳೆಯಲು ಬಿಡುವು ಬೇಕು. ಹೋಟೆಲಿನವರು ಅದನ್ನು ಧಾರಾಳವಾಗಿ ಕೊಟ್ಟರು: ಐವತ್ತೆಂಟು ನಿಮಿಷ.

ಹೋಟೆಲಿನ ಹೆಸರು ಬೇಡ. ಬೆಂಗಳೂರಿನ ಯಾವುದೇ ಬಡಾವಣೆಯ ಮುಖ್ಯರಸ್ತೆ, ಕೆಳಗೆ ಔಷಧಿ ಅಂಗಡಿ, ಪಕ್ಕದಲ್ಲಿ ಎಟಿಎಂ, ಮೇಲಿನ ಮಹಡಿಯಲ್ಲಿ ದಕ್ಷಿಣ ಭಾರತ, ಉತ್ತರ ಭಾರತ, ಚೀನಾ ಎಂಬ ಮೂರೂ ದೇಶಗಳ ತಿಂಡಿ ಸಿಗುವ ಜಾಗವನ್ನು ಕಲ್ಪಿಸಿಕೊಳ್ಳಿ. ನೀವು ಕಲ್ಪಿಸಿಕೊಂಡದ್ದೇ ಅದು. ನಾವು ನಾಲ್ವರು. ಅಮ್ಮನಿಗೆ ರವೆ ಇಡ್ಲಿ, ಹೆಂಡತಿಗೆ ಪೂರಿ ಸಾಗು, ನನಗೆ ಮಸಾಲೆ ದೋಸೆ, ಮಗನಿಗೆ ಗೋಬಿ ಮಂಚೂರಿ. ಮದುವೆಮನೆಯ ಅಡುಗೆಯನ್ನೇನೂ ನಾವು ಕೇಳಿರಲಿಲ್ಲ.

ಕೇಳುವುದಾದರೂ ಯಾರನ್ನು? ಮೇಜಿನ ಮೇಲೆ ಮೆನು ಇರಲಿಲ್ಲ, ಅಂಟಿಸಿದ ಕಪ್ಪು ಬಿಳುಪು ಚೌಕವೊಂದಿತ್ತು. ಅದಕ್ಕೆ ಮೊಬೈಲ್ ತೋರಿಸಿದೊಡನೆ ಹೋಟೆಲು ನಮ್ಮ ಜಾತಕ ಕೇಳಲು ಕೂತಿತು. ಮೊದಲು ಫೋನ್ ನಂಬರು, ಅದಕ್ಕೊಂದು ಒಟಿಪಿ, ಆಮೇಲೆ ಹೆಸರು, ಹುಟ್ಟಿದ ದಿನ, ಮದುವೆಯಾದ ದಿನ. ಮದುವೆಯಾದ ದಿನವನ್ನು ನಾನು ತಪ್ಪು ತುಂಬಿದ್ದನ್ನು ಹೆಂಡತಿ ಪಕ್ಕದಿಂದ ನೋಡಿದಳು. ಆ ರಾತ್ರಿಯ ಮೊದಲ ನಷ್ಟ ಅದು. ಬಿಲ್ ಮಾಡಲು ಗ್ರಾಹಕರ ಮೊಬೈಲ್ ನಂಬರಿಗಾಗಿ ಪಟ್ಟು ಹಿಡಿಯಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ತಿಳಿಸಿತ್ತು. ಆದರೆ ಇವರು ಕೇಳುತ್ತಿದ್ದುದು ಬಿಲ್ ಮಾಡಲಲ್ಲ, ಇಡ್ಲಿ ಇದೆಯೋ ಇಲ್ಲವೋ ಎಂದು ಹೇಳಲು. ಹಾಗಾಗಿ ಇಲಾಖೆಯ ಮಾತಿಗೆ ಯಾವ ಭಂಗವೂ ಆಗಲಿಲ್ಲ.

ಕೊನೆಗೂ ಮೆನು ತೆರೆದುಕೊಂಡಿತು. ಇರುವೆ ಗಾತ್ರದ ಅಕ್ಷರ, ಎಲ್ಲವೂ ಇಂಗ್ಲಿಷಿನಲ್ಲಿ. ಎಪ್ಪತ್ನಾಲ್ಕರ ಅಮ್ಮ ಕನ್ನಡಕ ಸರಿಮಾಡಿಕೊಂಡು ನನ್ನ ಅಂಗೈಯೊಳಗೆ ಇಣುಕಿ, "ಏನೇನಿದೆಯಂತೆ?" ಎಂದರು.

ಈ ಪ್ರಶ್ನೆಯನ್ನು ನಾವು ಒಂದು ಕಾಲದಲ್ಲಿ ಸಪ್ಲೈಯರನನ್ನು ಕೇಳುತ್ತಿದ್ದೆವು. ಕೇಳಿದ್ದೇ ತಪ್ಪಾಯಿತು ಎಂಬಂತೆ ಆತ ಚಾವಣಿಯ ಫ್ಯಾನು ನೋಡುತ್ತಾ, ಇಡ್ಲಿ ವಡೆ ಉಪ್ಪಿಟ್ಟು ಕೇಸರಿಬಾತು ಪೂರಿ ಸಾಗು ಮಸಾಲೆ ದೋಸೆ ಸೆಟ್ ದೋಸೆ ಖಾಲಿ ದೋಸೆ ಈರುಳ್ಳಿ ದೋಸೆ ಎಂದು ಒಂದೇ ಉಸಿರಿನಲ್ಲಿ ಸಹಸ್ರನಾಮ ಒಪ್ಪಿಸುತ್ತಿದ್ದ. ನಾವು ಅಷ್ಟನ್ನೂ ಕೇಳಿಸಿಕೊಂಡು, ಗಹನವಾಗಿ ಯೋಚಿಸಿ, "ಎರಡು ಇಡ್ಲಿ" ಎನ್ನುತ್ತಿದ್ದೆವು. ಕಿವಿಯ ಮೇಲೆ ಪೆನ್ಸಿಲ್ ಇರುತ್ತಿತ್ತು, ಅದರಲ್ಲಿ ಆತ ಬರೆದದ್ದನ್ನು ಕಂಡವರಿಲ್ಲ. ನಾಲ್ಕು ಲೋಟ ನೀರನ್ನು ನಾಲ್ಕು ಬೆರಳು ಅದ್ದಿ ಒಂದೇ ಕೈಯಲ್ಲಿ ತಂದು ಕುಕ್ಕುತ್ತಿದ್ದ, ನಾವು ಬೈದುಕೊಂಡೇ ಕುಡಿಯುತ್ತಿದ್ದೆವು. ಅಡುಗೆಮನೆಯ ಕಡೆ ತಿರುಗಿ "ಎರಡು ಮಸಾಲೆ, ಒಂದು ಖಾಲಿ" ಎಂದು ಕೂಗಿದರೆ ಓಗೊಡುವ ಮನುಷ್ಯನೊಬ್ಬ ಒಳಗಿದ್ದ. ಉಡುಪಿ, ಕುಂದಾಪುರದ ಕಡೆಯಿಂದ ಬಂದ ಮಾಣಿಗಳು ಇಡೀ ಸಾಲಿನ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು, ನಾವು ಎರಡನೆಯ ಸಲ ಹಾಕಿಸಿಕೊಂಡ ಸಾಂಬಾರನ್ನು ಮಾತ್ರ ಮರೆತುಬಿಡುತ್ತಿದ್ದರು. ಅದು ಸೇವೆ. ಆ ಮಾಣಿಗಳಲ್ಲಿ ಎಷ್ಟೋ ಮಂದಿ ಶಾಲೆಯಲ್ಲಿ ಇರಬೇಕಾದ ವಯಸ್ಸಿನವರಾಗಿದ್ದರು, ಹಳೆಯ ಕಾಲವನ್ನು ಹೀಗೆ ಕಣ್ಣುಮುಚ್ಚಿ ಹೊಗಳಬಾರದು ಎಂಬುದು ನನಗೂ ಗೊತ್ತು. ಆದರೆ ಹೊಟ್ಟೆ ಹಸಿದಾಗ ಮನುಷ್ಯ ಒಂದಿಷ್ಟು ಹಿಂದಕ್ಕೆ ಹೋಗುತ್ತಾನೆ.

ಇರಲಿ. ನಮ್ಮ ಆರ್ಡರನ್ನು ನಾವೇ ಒತ್ತಿ ನಾವೇ ಕಳಿಸಿದೆವು. ತಯಾರಾಗುತ್ತಿದೆ ಎಂಬ ಸಾಲೂ ಅದರ ಪಕ್ಕದಲ್ಲಿ ಹಬೆಯಾಡುವ ಪುಟ್ಟ ಪಾತ್ರೆಯ ಚಿತ್ರವೂ ಮೂಡಿದವು. ಬಾಟಲಿ ನೀರು ಒಂದೇ ನಿಮಿಷದಲ್ಲಿ ಬಂತು, ಅದಕ್ಕೆ ಬೆಲೆಯಿದೆ. ಅದು ಬೇಡ, ಮಾಮೂಲಿ ನೀರು ಕೊಡಿ ಎಂದೆವು. ಬರುತ್ತದೆ, ಬರುತ್ತದೆ ಎಂದು ವರ್ಷಗಟ್ಟಲೆ ಕಾಯಿಸಿದ ಕಾವೇರಿ ಐದನೇ ಹಂತವಾದರೂ 2024ರ ಅಕ್ಟೋಬರಿನಲ್ಲಿ ಬಂತು. ಆ ಲೋಟ ಬರಲಿಲ್ಲ.

ಸಪ್ಲೈಯರ್ ಹುಡುಗ ಒಬ್ಬನೇ. ಮೇಜುಗಳನ್ನು ಎಣಿಸಿದೆ, ಹದಿನಾಲ್ಕು ಇದ್ದವು. ಒಡಿಶಾದ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ಗೊಣಗುವವರು ಅವನ ಉಚ್ಚಾರಣೆಯನ್ನು ಕೇಳಬೇಕಿತ್ತು. ಎಷ್ಟು ಸ್ಪಷ್ಟ, ಎಷ್ಟು ವಿನಯ! ದೋಸೆ ಏನಾಯಿತಪ್ಪಾ? "ಎರಡು ನಿಮಿಷ ಸರ್." ನೀರು? "ಎರಡು ನಿಮಿಷ ಸರ್." ಕೈ ತೊಳೆಯುವ ಜಾಗ ಎಲ್ಲಿದೆ? ಅದಕ್ಕೂ ಎರಡು ನಿಮಿಷ.

ನಿಮಿಷ ಎಂದರೆ ಮೂಲದಲ್ಲಿ ಕಣ್ಣೆವೆ ಬಡಿಯುವಷ್ಟು ಹೊತ್ತು. ದೇವತೆಗಳನ್ನು ಅನಿಮಿಷರು ಎನ್ನುವುದು ಅವರು ಎವೆ ಬಡಿಯುವುದಿಲ್ಲ ಎಂಬ ಕಾರಣಕ್ಕೆ. ಎವೆಯನ್ನೇ ಬಡಿಯದವರಿಗೆ ಒಂದು ನಿಮಿಷ ಮುಗಿಯುವುದು ಯಾವಾಗ? ಈ ಹೋಟೆಲಿನ ಗಡಿಯಾರ ಅಲ್ಲಿಂದಲೇ ಬಂದಿರಬೇಕು. ಬ್ರಹ್ಮನ ಒಂದು ಹಗಲಿಗೆ ನಮ್ಮ 432 ಕೋಟಿ ವರ್ಷ ಎಂದು ಪುರಾಣಗಳು ಹೇಳುತ್ತವೆ. ಆ ಲೆಕ್ಕ ಹಿಡಿದರೆ ನನ್ನ ದೋಸೆ, ಕಾವಲಿಗೆ ಹಿಟ್ಟು ಬೀಳುವ ಮೊದಲೇ ಮೇಜಿಗೆ ಬಂದಿದೆ. ನಾವು ಹೇಳಿದ ಮೇಲೆ ಅಕ್ಕಿ ನೆನೆಹಾಕಿದರೋ ಏನೋ ಎಂದು ಹೆಂಡತಿ ಅನುಮಾನಪಟ್ಟಳು. ಅದು ಅನ್ಯಾಯದ ಮಾತು. ಅಕ್ಕಿ ಉದ್ದು ನೆನೆಯಲು ನಾಲ್ಕೈದು ಗಂಟೆ, ರುಬ್ಬಲು ಅರ್ಧ ಗಂಟೆ, ಹುದುಗಲು ಒಂದು ರಾತ್ರಿ ಬೇಕು. ಐವತ್ತೆಂಟು ನಿಮಿಷದಲ್ಲಿ ಅಷ್ಟನ್ನೂ ಮುಗಿಸಿದ್ದರೆ ಅದು ವಿಶ್ವದಾಖಲೆ.

ಕಾಯುವುದು ನಮಗೆ ಹೊಸದಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಈ ಊರನ್ನು ಕಾಯಿಸುತ್ತಿದೆ. ಭಾನುವಾರ ಬೆಳಿಗ್ಗೆ ಅದರ ಮುಂದಿನ ಫುಟ್‌ಪಾತಿನಲ್ಲಿ ನಿಂತವರ ಮುಖದಲ್ಲಿ ಕೋಪ ಇರುವುದಿಲ್ಲ. ಅಲ್ಲಿ ಕಾಯುವುದೆಲ್ಲ ಹೊರಗೆ. ಒಮ್ಮೆ ಒಳಗೆ ಕೂತಿರೋ, ಪಂಚೆ ಉಟ್ಟವರೊಬ್ಬರು ಮೊಣಕೈಯಿಂದ ಭುಜದವರೆಗೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರುತ್ತಾರೆ. ಇಸ್ಪೀಟಿನ ಎಲೆ ಹಂಚಿದ ಹಾಗೆ ಹಂಚುತ್ತಾ ಹೋಗುತ್ತಾರೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲೂ ಹೆಸರು ಬರೆಸಿ ಕೂರಬೇಕು. 1924ರ ಹೋಟೆಲು ಅದು. ಅಮ್ಮ ಕೇಳಿದ ರವೆ ಇಡ್ಲಿ ಹುಟ್ಟಿದ್ದೇ ತಮ್ಮ ಅಡುಗೆಮನೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಕ್ಕಿಗೆ ಬರ ಬಂದಾಗ ಎಂದು ಅವರು ಹೇಳುತ್ತಾರೆ. ಯುದ್ಧದ ನಡುವೆ ಹೊಸದೊಂದು ತಿಂಡಿಯನ್ನೇ ಕಂಡುಹಿಡಿದ ಊರು ಇದು. ಈಗ ಶಾಂತಿಯ ಕಾಲದಲ್ಲಿ, ಕಂಡುಹಿಡಿದು ಎಂಬತ್ತು ವರ್ಷವಾದ ತಿಂಡಿಯನ್ನು ಇಪ್ಪತ್ತು ಅಡಿ ದೂರದ ಮೇಜಿಗೆ ತಲುಪಿಸಲು ಆಗುತ್ತಿಲ್ಲ.

ಇನ್ನು ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೋಸವಿಲ್ಲ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಚೀಟಿ ತೆಗೆದುಕೋ, ನಿಂತು ತಿನ್ನು, ತಟ್ಟೆ ಇಟ್ಟು ಹೋಗು. ನಿನ್ನ ಕೆಲಸ ನೀನು ಮಾಡು, ಅದಕ್ಕೇ ಬೆಲೆ ಕಡಿಮೆ ಎಂಬ ನೇರ ಒಪ್ಪಂದ. ನಾವು ಕೂತಿದ್ದ ಹೋಟೆಲು ದರ್ಶಿನಿಯಿಂದ ಕೆಲಸವನ್ನೂ ದೊಡ್ಡ ಹೋಟೆಲಿನಿಂದ ಬೆಲೆಯನ್ನೂ ತೆಗೆದುಕೊಂಡಿದೆ. ಅದರ ಜೊತೆಗೆ ಒಂದು ಕುರ್ಚಿ ಕೊಟ್ಟಿದೆ, ಕಾಯಲು.

ಅಡುಗೆಮನೆ ಮಲಗಿತ್ತು ಎಂದುಕೊಳ್ಳಬೇಡಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೂರು ಮೊಬೈಲುಗಳು ಚಿಲಿಪಿಲಿ ಎನ್ನುತ್ತಲೇ ಇದ್ದವು. ಚಿಲಿ ಎಂದಾಗಲೆಲ್ಲ ಒಳಗಿನಿಂದ ಕಂದು ಬಣ್ಣದ ಚೀಲವೊಂದು ಹೊರಬರುತ್ತಿತ್ತು. ಹೆಲ್ಮೆಟ್ ಕಳಚದ ಹುಡುಗರು ಅದನ್ನು ಎತ್ತಿಕೊಂಡು ಮೆಟ್ಟಿಲಿಳಿದು ಓಡುತ್ತಿದ್ದರು. ಮನೆಯಲ್ಲಿ ಕೂತವನಿಗೆ ತಡವಾದರೆ ಆಪಿನಲ್ಲಿ ಅಂಕ ಇಳಿಯುತ್ತದೆ, ಅಂಕ ಇಳಿದರೆ ವ್ಯಾಪಾರ ಇಳಿಯುತ್ತದೆ. ಎದುರಿಗೆ ಕೂತವನಿಗೆ ತಡವಾದರೆ ಏನೂ ಇಳಿಯುವುದಿಲ್ಲ, ಅವನ ತೂಕವೊಂದನ್ನು ಬಿಟ್ಟು. ಮೂರು ಕಿಲೋಮೀಟರ್ ದೂರದಲ್ಲಿ ಕಾಲು ಚಾಚಿ ಟಿವಿ ನೋಡುತ್ತಿರುವ ಮಹಾನುಭಾವನೊಬ್ಬ ನನ್ನ ದೋಸೆ ತಿನ್ನುತ್ತಿದ್ದಾನೆ ಎಂದು ಗೊತ್ತಾದಾಗ ನನ್ನ ತಪ್ಪು ಅರ್ಥವಾಯಿತು. ನಾನು ಖುದ್ದಾಗಿ ಹಾಜರಾಗಿಬಿಟ್ಟಿದ್ದೆ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಈಗ ಹೇಳುವುದು ತಮಾಷೆಯಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಸ್ವಲ್ಪ ಮೊದಲು ಮಾತ್ರೆ ನುಂಗಬೇಕು. ಮೊದಲನೆಯ "ಎರಡು ನಿಮಿಷ ಸರ್" ಕೇಳಿದಾಗ ಅವರು, "ತೆಗೆದುಕೊಂಡುಬಿಡಲೇನೋ?" ಎಂದರು. ನಾನು ಹೂಂ ಎಂದೆ. ಮಾತ್ರೆ ಹೊಟ್ಟೆಗೆ ಹೋಗಿ ಅನ್ನ ಹೋಗದಿದ್ದರೆ ಏನಾಗುತ್ತದೆ ಎಂಬುದು ಸಕ್ಕರೆ ಕಾಯಿಲೆ ಇರುವ ಮನೆಗಳಿಗೆಲ್ಲ ಗೊತ್ತು. ನಲವತ್ತು ನಿಮಿಷದ ಹೊತ್ತಿಗೆ ಅಮ್ಮನ ಹಣೆಯಲ್ಲಿ ಬೆವರು, ಬೆರಳಲ್ಲಿ ನಡುಕ. ನಾನು ಗಲ್ಲಾಕ್ಕೆ ಹೋಗಿ ವಿಷಯ ಹೇಳಿದೆ. ಕೂತಿದ್ದವರು ಮೊಬೈಲಿನಿಂದ ತಲೆಯೆತ್ತದೆ, "ನಿಮ್ಮ ಆರ್ಡರು ಸಿಸ್ಟಮ್ಮಿನಲ್ಲಿದೆ ಸರ್" ಎಂದರು. ಒಂದು ಚಮಚ ಸಕ್ಕರೆ ಕೇಳಿದ್ದೆ, ಸಿಸ್ಟಮ್ಮನ್ನಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಮಗುವಿನ ಹುಟ್ಟುಹಬ್ಬಕ್ಕೆಂದು ಮನೆಯಿಂದಲೇ ಕೇಕು ತಂದಿದ್ದ ಅಜ್ಜಿಯೊಬ್ಬರು ಏನೂ ಕೇಳದೆ ಒಂದು ದೊಡ್ಡ ತುಂಡನ್ನು ತಂದು ಅಮ್ಮನ ಕೈಗಿಟ್ಟರು. ಅವರದೂ ನಮ್ಮದೇ ಕಥೆ. ಊಟದ ಆಸೆ ಬಿಟ್ಟು ಆ ಸಂಸಾರ ಕೇಕನ್ನೇ ಊಟ ಮಾಡುತ್ತಿತ್ತು. ಊರಿಗೆಲ್ಲ ಬಡಿಸುತ್ತೇವೆ ಎಂದು ಬೋರ್ಡು ಹಾಕಿಕೊಂಡ ಜಾಗದಲ್ಲಿ ನನ್ನ ತಾಯಿಯ ಬಾಯಿಗೆ ತುತ್ತು ಕೊಟ್ಟದ್ದು ಪಕ್ಕದ ಮೇಜು. ಹದಿನಾಲ್ಕು ಮೇಜಿಗೆ ಒಬ್ಬ ಹುಡುಗನನ್ನು ಇಟ್ಟು ಇನ್ನಿಬ್ಬರ ಸಂಬಳ ಉಳಿಸಿದವರು ಯಾರೋ, ಬೈಸಿಕೊಳ್ಳಬೇಕಾದವರು ಅವರು. ಅವರು ಅಲ್ಲಿ ಇರುವುದೇ ಇಲ್ಲ. ಬೈಸಿಕೊಳ್ಳುವವನು ಆ ಹುಡುಗ.

ಕೊನೆಗೆ ಎಲ್ಲವೂ ಬಂತು, ಬಂದ ಕ್ರಮ ಮಾತ್ರ ಚೆನ್ನಾಗಿತ್ತು. ಮೊದಲು ಸಾಗು ಬಂತು, ಏಳು ನಿಮಿಷದ ನಂತರ ಪೂರಿ ಬಂತು. ದೋಸೆ ತಣ್ಣಗೆ, ಚಟ್ನಿ ಬೆಚ್ಚಗೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತಲ್ಲ, ಅದು ಪಾಲನೆಯಾಗಿತ್ತು. ಗೋಬಿ ಬೆಳ್ಳಗಿತ್ತು. ಅದರ ಹಳೆಯ ಬಣ್ಣ ಅಷ್ಟು ಹೊತ್ತಿಗೆ ನನ್ನ ಮುಖಕ್ಕೆ ಬಂದಿತ್ತು.

ಬಿಲ್ಲು ಮಾತ್ರ ಚಿಟಿಕೆ ಹೊಡೆಯುವಷ್ಟರಲ್ಲಿ ಬಂತು. ತಿಂಡಿ 860 ರೂಪಾಯಿ, ಅದರ ಮೇಲೆ ಸೇವಾ ಶುಲ್ಕ ಶೇಕಡಾ 10, ಅಂದರೆ 86. ಎರಡನ್ನೂ ಕೂಡಿಸಿ ಅದರ ಮೇಲೆ ಶೇಕಡಾ 5 ಜಿಎಸ್‌ಟಿ. ಅಂದರೆ ಆಗದ ಸೇವೆಗೆ ಶುಲ್ಕ, ಆ ಶುಲ್ಕಕ್ಕೆ ತೆರಿಗೆ. ಇದನ್ನು ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು, ಇದರ ಮೇಲೆ ಜಿಎಸ್‌ಟಿಯನ್ನಂತೂ ಹಾಕಲೇಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ, ದೆಹಲಿಯ ತೀರ್ಪು ಎತ್ತಿಹಿಡಿದದ್ದು ಅದನ್ನೇ ಎಂದು ನಾನು ಗಲ್ಲಾದ ಮುಂದೆ ನಿಂತು ಒಂದು ಪುಟ್ಟ ಉಪನ್ಯಾಸ ಕೊಟ್ಟೆ. "ಕಂಪ್ಯೂಟರಿನಲ್ಲಿ ತಾನಾಗಿಯೇ ಬರುತ್ತದೆ ಸರ್" ಎಂಬ ಉತ್ತರ ಬಂತು. ಹಾಗಾದರೆ ತೆಗೆಯಿರಿ ಎಂದೆ. ತೆಗೆಯಲು ಮ್ಯಾನೇಜರರ ಪಾಸ್‌ವರ್ಡ್ ಬೇಕಂತೆ. ಮ್ಯಾನೇಜರು ಕೆಳಗೆ ಹೋಗಿದ್ದಾರಂತೆ. ಎಷ್ಟು ಹೊತ್ತಾಗುತ್ತದೆ?

ನಿಮಗೆ ಉತ್ತರ ಗೊತ್ತಿದೆ.

ಹದಿನಾಲ್ಕು ನಿಮಿಷ ನಿಂತೆ. ಹೆಂಡತಿ ಕಣ್ಣಿನಲ್ಲೇ ಸಾಕು ಎಂದಳು, ಮಗ ತನಗೆ ಪರಿಚಯವೇ ಇಲ್ಲದವನಂತೆ ದೂರ ನಿಂತ. 903 ರೂಪಾಯಿ ಕಟ್ಟಿದೆ. ಉಳಿದದ್ದು ತೊಂಬತ್ತು ರೂಪಾಯಿ ಮೂವತ್ತು ಪೈಸೆ. ಅದರಲ್ಲಿ ಐವತ್ತನ್ನು ಆ ಹುಡುಗನ ಕೈಗಿಟ್ಟು, ಸೇವಾ ಶುಲ್ಕದಲ್ಲಿ ನಿನಗೆಷ್ಟು ಬರುತ್ತದೆ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವನು ನಕ್ಕು, ಗಲ್ಲಾದ ಕಡೆ ಒಮ್ಮೆ ನೋಡಿ, ನೋಟನ್ನು ಕಾಲ್ಚೀಲದೊಳಗೆ ತುರುಕಿಕೊಂಡ.

ಮೆಟ್ಟಿಲಿಳಿಯುವಷ್ಟರಲ್ಲಿ ಮೊಬೈಲ್ ಮಿಡಿಯಿತು. ನಮ್ಮ ಸೇವೆ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಎಂದು ಹೋಟೆಲು ಕೇಳುತ್ತಿತ್ತು. ಅಂದಹಾಗೆ, ಮಗ ನಡುವೆ ಯಾವಾಗಲೋ ನನ್ನ ಫೋನಿನಲ್ಲಿ ಎರಡು ಜಾಮೂನು ಒತ್ತಿದ್ದನಂತೆ. ಅದು ಬರಲೂ ಇಲ್ಲ, ಬಿಲ್ಲಿನಲ್ಲಿ ಇರಲೂ ಇಲ್ಲ. ಇವತ್ತು ಗುರುವಾರ. ಬೆಳಿಗ್ಗೆ ಆ ಪುಟವನ್ನು ತೆರೆದು ನೋಡಿದೆ. ಪುಟ್ಟ ಪಾತ್ರೆ ಇನ್ನೂ ಹಬೆಯಾಡುತ್ತಿದೆ.